ನೂರ ಹದಿನೇಳನೆಯ ಮನೆ

ಗುಬ್ಬಿಯ ನಿಲ್ದಾಣದಲ್ಲಿ ತುಮಕೂರಿನ ಬಸ್ಸು ಹತ್ತಿ ಎಡಬದಿಯ ಕಿಟಕಿಯ ಪಕ್ಕ ಕುಳಿತ ಮೇಲೆ ದಯಾನಂದ ಮಾಡಿದ ಮೊದಲ ಕೆಲಸವೆಂದರೆ ಅಂಗಿಯ ಜೇಬಿನಲ್ಲಿದ್ದ ಕಂಪ್ಯೂಟರ್ ಫ್ಲಾಪಿಯನ್ನು ತೆಗೆದು ಚೀಲದೊಳಗಿನ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟದ್ದು. ಮೈಯ ಬಿಸಿಗೆ ಅದರೊಳಗಿನ ಬರಹ ಅಳಿಸಿಹೋಗಬಹುದೆಂದು ಒಂದು ಕ್ಷಣ ಅನ್ನಿಸಿತ್ತು. ಆ ಅನಿಸಿಕೆ ತಪ್ಪೆಂದು ಅವನಿಗೆ ಗೊತ್ತಿತ್ತು. ಕಬ್ಬಿಣದ ಆಕ್ಸೈಡು ತನ್ನ ಕಾಂತತ್ವವನ್ನು ಕಳೆದುಕೊಳ್ಳಬೇಕಾದರೆ ನೂರಾರು ಡಿಗ್ರಿಯವರೆಗೆ ಕಾಯಬೇಕು. ಮನುಷ್ಯನ ಎದೆ ಮೂವತ್ತೇಳರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗೊತ್ತಿದ್ದೂ ತೆಗೆದಿಟ್ಟ. ಇಟ್ಟ ಮೇಲೆ, ಅಳಿಸಿಹೋಗಿದ್ದರೇ ಒಳ್ಳೆಯದಿತ್ತೇನೋ ಎಂಬ ಇನ್ನೊಂದು ಯೋಚನೆ ಬಂದು, ಅದನ್ನು ಹೊರಗೆ ಬಿಡಬಾರದೆಂಬಂತೆ ಚೀಲದ ಜಿಪ್ಪನ್ನು ಕೊನೆಯವರೆಗೂ ಎಳೆದ. ಕಂಡಕ್ಟರು ಬಂದು, "ಎಲ್ಲಿಗೆ ಸಾರ್?" ಎಂದಾಗ "ತುಮಕೂರು" ಎಂದ. ಅಷ್ಟು ಸರಳವಾದ ಉತ್ತರ ಕೊಡಲು ತನಗೆ ಮೂರು ಸೆಕೆಂಡು ಹಿಡಿಯಿತೆಂಬುದನ್ನು ಗಮನಿಸಿದ. ಗಡಿಯಾರ ಒಂಬತ್ತು ಐವತ್ತು ತೋರಿಸುತ್ತಿತ್ತು. ಫ್ಲಾಪಿ ತುಮಕೂರಿನ ಶಿರಾ ಗೇಟಿನಲ್ಲಿದ್ದ ಕಚೇರಿಯನ್ನು ತಲುಪಬೇಕಾದದ್ದು ಸಂಜೆ ಐದರೊಳಗೆ. ಏಳು ಗಂಟೆ ಹತ್ತು ನಿಮಿಷ ಉಳಿದಿತ್ತು. ಹೆಚ್ಚು ಸಮಯವಿರುವುದೇ ಅವನನ್ನು ಕಾಡತೊಡಗಿತು.

ಚೇಳೂರಿನ ಹಾಲಿನ ಸೊಸೈಟಿಯ ಹಿಂಬದಿಯ ಕೋಣೆಯಲ್ಲಿ ಒಂದೂವರೆ ವರ್ಷದಿಂದ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಫೋನು ಇದ್ದವು. ಕೊಟ್ಟದ್ದು ಶಿರಾ ಗೇಟಿನಲ್ಲಿ ಕಚೇರಿಯಿದ್ದ ಒಂದು ಸಂಸ್ಥೆ. ನಡೆಸುವುದು ಊರಿನ ಹೆಂಗಸರ ಸಂಘ. ಯಂತ್ರ ನೋಡಿಕೊಳ್ಳಲು ಸಂಸ್ಥೆ ನೇಮಿಸಿದ್ದು ಬಿ.ಎಸ್ಸಿ. ಮುಗಿಸಿ ಗುಬ್ಬಿಯಲ್ಲಿ ರೂಮು ಮಾಡಿಕೊಂಡಿದ್ದ ದಯಾನಂದನನ್ನು. ಬೆಳಿಗ್ಗೆ ಅವನು ತೆಂಗಿನಕಾಯಿಯ ಧಾರಣೆ, ಪಂಪ್‌ಸೆಟ್ಟಿಗೆ ಕರೆಂಟು ಇರುವ ಗಂಟೆಗಳು, ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಬರುವ ದಿನ, ಬಾರದ ಬಸ್ಸುಗಳು ಇವನ್ನೆಲ್ಲ ಫೋನಿನಲ್ಲಿ ವಿಚಾರಿಸಿ ಟೈಪು ಮಾಡಿ ಮುದ್ರಿಸಬೇಕು. ಸಂಘದ ಗಂಗಾಂಬಿಕೆ ಅದನ್ನು ಸೊಸೈಟಿಯ ಮೈಕಿನಲ್ಲಿ ಓದಬೇಕು. ಏನು ಓದಬೇಕು, ಏನು ಬಿಡಬೇಕು ಎಂದು ತೀರ್ಮಾನಿಸುವುದು ಸಂಘ. ಜೂನ್ ಎಂಟರಂದು, ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವ ದಿನ, ನೂರಿಪ್ಪತ್ತೆರಡು ವರ್ಷಗಳ ನಂತರ ಬಂದ ಆ ಸಂಗತಿಯನ್ನು ಅವನು ಹತ್ತು ಸಾಲಿನಲ್ಲಿ ಬರೆದುಕೊಟ್ಟಿದ್ದ. ಬಟ್ಟೆ ಹೊಲಿಯುವ ಗಂಗಾಂಬಿಕೆ ಸೀಮೆಸುಣ್ಣದಲ್ಲಿ ಹತ್ತೂ ಸಾಲಿಗೆ ಗೀಟು ಹಾಕಿ, "ಇದ್ ಕೇಳಿ ಯಾರ್ ಏನ್ ಮಾಡ್ಬೇಕು, ಹೇಳು" ಎಂದಿದ್ದಳು. ಮಧ್ಯಾಹ್ನ ಅವಳೇ ಏಳು ಜನ ಹೆಂಗಸರನ್ನು ಕರೆದುಕೊಂಡು ಬಂದು, "ಎಲ್ಲಿ, ಆ ಚುಕ್ಕಿ ತೋರ್ಸಪ್ಪ" ಎಂದಳು. ಕನ್ನಡಿಯ ಮೇಲೆ ತೂತು ಮಾಡಿದ ಕಾಗದ ಅಂಟಿಸಿ, ಕತ್ತಲೆ ಮಾಡಿದ ಕೋಣೆಯ ಗೋಡೆಯ ಮೇಲೆ ಸೂರ್ಯನನ್ನು ಬೀಳಿಸಿದ್ದ. ತಟ್ಟೆಯಷ್ಟು ಬೆಳಕು, ಅದರಲ್ಲೊಂದು ಸಾಸಿವೆಕಾಳು. ಸೂಲಗಿತ್ತಿ ಹೊಂಬಾಳಮ್ಮ ಗೋಡೆಯ ಹತ್ತಿರ ಹೋಗಿ ಆ ಕಾಳನ್ನು ಬೆರಳಿನಿಂದ ಮುಟ್ಟಲು ನೋಡಿದ್ದಳು. ಬೆಳಕು ಅವಳ ಉಗುರಿನ ಮೇಲೆ ಬಂದಿತ್ತು.

ಆ ಬೆರಳು. ಬಸ್ಸು ತುಮಕೂರಿನ ಕಡೆಯಿಂದ ಬಂದ ಲಾರಿಗೆ ದಾರಿ ಬಿಟ್ಟು ನಿಂತಾಗ ದಯಾನಂದ ಚೀಲದ ಜಿಪ್ಪು ತೆರೆದು ನೋಟ್‌ಬುಕ್ಕಿನ ಹಿಂದಿನ ಹಾಳೆಯನ್ನು ನೋಡಿದ. ಪ್ರಯೋಗಶಾಲೆಯ ದಾಖಲೆಯಂತೆ ಕೋಷ್ಟಕ ಹಾಕಿ ಬರೆದಿದ್ದ: ದಿನಾಂಕ, ಎಷ್ಟನೆಯ ಒತ್ತು, ಕೀಬೋರ್ಡಿನ ಯಾವ ಸಾಲು, ಅಂಚಿನಿಂದ ಎಷ್ಟನೆಯ ಕೀಲಿ, ಷರಾ. ಎಂಟು ಶುಕ್ರವಾರಗಳು. ಷರಾದ ಕಾಲಮ್ಮಿನಲ್ಲಿ ಎಂಟು ಸಲವೂ ಒಂದೇ ಮಾತು: ಮೂರರ ನಂತರ ತಡೆ. ಕಾರಣ ತಿಳಿಯದು.

ಸಂಘದ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ, ಮೂರು ಮನೆ. ಅದು ಕಂಪ್ಯೂಟರು ಬರುವುದಕ್ಕೆ ಮೊದಲಿನಿಂದಲೂ ಇದ್ದ ಪದ್ಧತಿ. ಮೂವರೂ ಸೇರದೆ ಪೆಟ್ಟಿಗೆ ತೆರೆಯುವಂತಿಲ್ಲ. ಊರಿನ ಮೂರು ಬೀದಿಗಳ ಮನೆ ಮನೆಗೂ ಹೋಗಿ, ಯಾರಿಗೆ ಯಾವ ಕಾಯಿಲೆ, ಯಾವ ಮಗು ಶಾಲೆ ಬಿಟ್ಟಿದೆ, ಯಾವ ವಿಧವೆಗೆ ಪೆನ್ಷನ್ ಬಂದಿಲ್ಲ, ಯಾವ ಮನೆಯಲ್ಲಿ ಹೊಡೆತ ಬಡಿತ ಇದೆ ಎಂದು ಹೆಂಗಸರು ಕೇಳಿ ತಂದದ್ದನ್ನು ಒಂದು ಫೈಲಿನಲ್ಲಿ ತುಂಬಬೇಕೆಂದಾಗ, ಆ ಫೈಲಿಗೂ ಮೂರು ಬೀಗ ಬೇಕೆಂದರು. ಒಂದೇ ಪಾಸ್‌ವರ್ಡಿಗೆ ಮೂರು ತುಂಡು. ಮೊದಲ ತುಂಡು ಗಂಗಾಂಬಿಕೆಯದು, ಎರಡನೆಯದು ಹಾಲು ಅಳೆಯುವ ಸಿದ್ದಲಕ್ಷ್ಮಮ್ಮನದು, ಮೂರನೆಯದು ಹೊಂಬಾಳಮ್ಮನದು. "ಅವರಿಗೆ ಅಕ್ಷರ ಬರಲ್ಲವಲ್ಲ" ಎಂದು ದಯಾನಂದ ಹೇಳಿದ್ದ. "ಬೆರಳು ಅದಾವಲ್ಲಪ್ಪ" ಎಂದಿದ್ದಳು ಹೊಂಬಾಳಮ್ಮ, ಹತ್ತನ್ನೂ ಅಗಲಿಸಿ ತೋರಿಸಿ. ಶುಕ್ರವಾರ ಮೂವರೂ ಬಂದು ಪಾಸ್‌ವರ್ಡು ಒತ್ತುವಾಗ, ಆಮೇಲೆ ಗಂಗಾಂಬಿಕೆ ಎರಡೇ ಬೆರಳಿನಲ್ಲಿ ಮನೆಗಳ ಮಾತನ್ನು ಟೈಪು ಮಾಡುವಾಗ, ದಯಾನಂದ ಕುರ್ಚಿ ತಿರುಗಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಏನಾದರೂ ತೊಡಕಾದರೆ ಗೋಡೆಗೇ ಉತ್ತರ ಹೇಳಬೇಕು: "ಬಲಗಡೆ ಇದೆಯಲ್ಲ ದೊಡ್ಡ ಕೀ, ಅದನ್ನು ಒತ್ತಿ." ಆ ಗೋಡೆಯ ಮೇಲೆ ಸೊಸೈಟಿಯ ಹಳೆಯ ಅಧ್ಯಕ್ಷರದೊಂದು ಫೋಟೋ, ಕಟ್ಟು ಹಾಕಿ ಗಾಜು ಕೂರಿಸಿದ್ದು. ಅಧ್ಯಕ್ಷರ ಕಪ್ಪು ಕೋಟಿನ ಮೇಲೆ, ಬೆನ್ನ ಹಿಂದಿನ ಮೇಜು, ಕೀಬೋರ್ಡು, ಬೆರಳುಗಳು ಸ್ಪಷ್ಟವಾಗಿ ಬೀಳುತ್ತಿದ್ದವು. ಪರದೆ ಕಾಣುತ್ತಿರಲಿಲ್ಲ. ಕಂಡಿದ್ದರೆ ನೋಡುತ್ತಿರಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಮೊದಲಿಬ್ಬರದು ಮೂರೇ ವಾರದಲ್ಲಿ ತಿಳಿಯಿತು, ತಿಳಿದ ಮೇಲೆ ಅದರಲ್ಲಿ ಸ್ವಾರಸ್ಯ ಉಳಿಯಲಿಲ್ಲ. ಹೊಂಬಾಳಮ್ಮನದು ಹಾಗಲ್ಲ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುವುದನ್ನು ತಿದ್ದಿಕೊಂಡು, ಬೆರಳಿನ ಕೋನವನ್ನು ಲೆಕ್ಕಕ್ಕೆ ತೆಗೆದುಕೊಂಡು, ಎಂಟು ವಾರಗಳ ನಂತರ ಐದು ಕೀಲಿಗಳನ್ನು ನಿಶ್ಚಯಿಸಿದ. ತಾನು ಫೈಲು ತೆರೆಯಲೆಂದು ಇದನ್ನು ಮಾಡುತ್ತಿದ್ದೇನೆಂಬ ಯೋಚನೆ ಅವನಿಗಿರಲಿಲ್ಲ. ಓದು ಬಾರದ ಒಬ್ಬ ಹೆಂಗಸು, ಚಿಹ್ನೆಗಳೆಲ್ಲ ಒಂದೇ ತೆರನಾಗಿ ಕಾಣಬೇಕಾದ ಆ ಹಲಗೆಯ ಮೇಲೆ, ವಾರದಿಂದ ವಾರಕ್ಕೆ ಒಂದು ಸಲವೂ ತಪ್ಪದೆ ಐದು ಜಾಗಗಳನ್ನು ಹೇಗೆ ಹುಡುಕುತ್ತಾಳೆ ಎಂಬುದು ಅವನ ಪ್ರಶ್ನೆಯಾಗಿತ್ತು. ಮೂರರ ನಂತರ ಅವಳ ಬೆರಳು ಎಲ್ಲೋ ಒಂದು ಕಡೆ ಹೋಗಿ, ಒತ್ತದೆ, ನಿಂತು ಬರುತ್ತಿತ್ತು. ಅದು ಮರೆವೋ, ನಡುಕವೋ, ಎಣಿಕೆಯೋ? ಪ್ರಶ್ನೆ ಶುದ್ಧವಾದದ್ದು ಎಂದು ಅವನು ನಂಬಿದ್ದ.

ನಿನ್ನೆ ಮಧ್ಯಾಹ್ನ ಸಂಸ್ಥೆಯ ಅಂಜನ್‌ಕುಮಾರ್ ಫೋನು ಮಾಡಿದ್ದ. "ನಾಳೆ ಐದರೊಳಗೆ ಆ ಹೌಸ್‌ಹೋಲ್ಡ್ ಫೈಲ್ ನನ್ನ ಟೇಬಲ್ ಮೇಲಿರ್ಬೇಕು ದಯಾನಂದ್. ನಾಡಿದ್ದು ಬೆಂಗಳೂರಿಂದ ರಿವ್ಯೂ ಟೀಮ್ ಬರುತ್ತೆ, ದೊಡ್ಡ ಸ್ಕ್ರೀನಲ್ಲಿ ತೋರಿಸ್ಬೇಕು. ಇಲ್ಲಾಂದ್ರೆ ನಿಮ್ಮ ಸೆಂಟರ್ ಸಿಸ್ಟಮ್ಮನ್ನ ಬೇರೆ ಕಡೆ ಶಿಫ್ಟ್ ಮಾಡೋದೇ." ಹೊಂಬಾಳಮ್ಮ ಮಗಳ ಬಾಣಂತನಕ್ಕೆಂದು ಕುಣಿಗಲಿಗೆ ಹೋಗಿ ಹನ್ನೊಂದು ದಿನವಾಗಿತ್ತು. ಗಂಗಾಂಬಿಕೆಗೆ ವಿಷಯ ಹೇಳಿದ. ಅವಳು ಹೊಲಿಗೆ ಯಂತ್ರದ ಗಾಲಿಯನ್ನು ಅಂಗೈಯಿಂದ ತಡೆದು, "ಹೊಂಬಾಳಮ್ಮ ಬರ್ಲಿ" ಎಂದಳು. "ಅಷ್ಟು ಸಮಯ ಇಲ್ಲ." "ಹಂಗಾರೆ ಇಲ್ಲ ಅನ್ನು." "ಇಲ್ಲ ಅಂದರೆ ಕಂಪ್ಯೂಟರ್ ತಗೊಂಡು ಹೋಗ್ತಾರೆ." "ಅವರ್ದು ತಾನೆ, ಒಯ್ಯಲಿ ಬುಡು. ಮನೆ ಮಾತು ಅವರ್ದಲ್ಲ" ಎಂದು ಗಾಲಿಯನ್ನು ಬಿಟ್ಟಳು. ಯಂತ್ರ ಮತ್ತೆ ಓಡತೊಡಗಿತು. ಇವತ್ತು ಬೆಳಿಗ್ಗೆ ಏಳು ನಲವತ್ತರ ಬಸ್ಸಿಗೆ ಚೇಳೂರು ತಲುಪಿ, ಹಾಲಿನ ಜನ ಇನ್ನೂ ಮುಂಬಾಗಿಲಲ್ಲಿ ಸಾಲು ನಿಂತಿರುವಾಗಲೇ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಮೂವರ ತುಂಡುಗಳನ್ನೂ ಒಂದರ ಹಿಂದೊಂದು ಒತ್ತಿದ. ಫೈಲು ತೆರೆಯಿತು. ಕೆಟ್ಟದೇನೂ ಆಗಲಿಲ್ಲವೆಂಬುದು ಮೊದಲಿಗೆ ಅವನಿಗೆ ಆಶ್ಚರ್ಯವೆನ್ನಿಸಿತು.

ಓದಬಾರದೆಂದು ನಿಶ್ಚಯಿಸಿದ್ದ, ಎಣಿಸಿದ ಅಷ್ಟೆ. ಪಂಚಾಯಿತಿಯ ದಾಖಲೆಯಲ್ಲಿ ಮೂರು ಬೀದಿಗೆ ಇನ್ನೂರ ಹದಿನಾಲ್ಕು ಮನೆ. ಫೈಲಿನಲ್ಲಿ ಇನ್ನೂರ ಹದಿಮೂರು ಸಾಲು. ನೂರ ಹದಿನಾರರ ನಂತರ ನೂರ ಹದಿನೆಂಟು. ಕಾಣದ ಮನೆ ಎರಡನೆಯ ಬೀದಿಯ ಕದರಯ್ಯನದು. ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ, ಕದರಯ್ಯನ ಸೊಸೆಯ ಬಗ್ಗೆ ಇಬ್ಬರು ಆಡಿದ ಮಾತು ಅವನ ಕಿವಿಗೆ ಹಿಂದೊಮ್ಮೆ ಬಿದ್ದಿತ್ತು. ಖಾಲಿ ಬಿಟ್ಟ ಅಂಕಿಯನ್ನು ನೋಡುತ್ತ ಕೂತಿರುವುದು ಅವನಿಂದ ಆಗದು. ಹೊಸ ಸಾಲು ಸೇರಿಸಿ, ಕೇಳಿದ್ದನ್ನು ಎಂಟು ಪದಗಳಲ್ಲಿ, ಶುದ್ಧ ಭಾಷೆಯಲ್ಲಿ ಬರೆದ. ಇನ್ನೂರ ಹದಿನಾಲ್ಕಾಯಿತು. ಕಾಲೇಜಿನ ಲ್ಯಾಬಿನ ಟೈಟ್ರೇಶನ್ನಿನಲ್ಲಿ ಕೊನೆಯ ಹನಿ ಬಿದ್ದು ದ್ರಾವಣ ತಿಳಿಗುಲಾಬಿಗೆ ತಿರುಗಿದಾಗ ಬರುತ್ತಿದ್ದಂಥ ನೆಮ್ಮದಿ ಬಂತು. ಫ್ಲಾಪಿಗೆ ನಕಲಿಸಿಕೊಂಡು ಹೊರಟ. ಚೇಳೂರಿನಿಂದ ಗುಬ್ಬಿಯವರೆಗೂ ಆ ನೆಮ್ಮದಿ ಉಳಿದಿತ್ತು. ಗುಬ್ಬಿಯಲ್ಲಿ ಬಸ್ಸಿಗೆ ಕಾಯುವಾಗ, ಗಂಗಾಂಬಿಕೆ ಎಂದಾದರೂ ಏನನ್ನಾದರೂ ಮರೆತದ್ದುಂಟೇ ಎಂದು ಯೋಚಿಸಿದ. ಒಂದು ಕಾಜಾ ಬಿಟ್ಟುಹೋದರೆ ಇಡೀ ರವಿಕೆ ಬಿಚ್ಚಿ ಹೊಲಿಯುವವಳು ಒಂದು ಮನೆಯನ್ನು ಮರೆಯುತ್ತಾಳೆಯೇ? ಮರೆಯದಿದ್ದರೆ ಅದು ಬಿಟ್ಟದ್ದು. ಬಿಟ್ಟದ್ದಾದರೆ ಏಕೆ?

ತುಮಕೂರಿನ ನಿಲ್ದಾಣದಲ್ಲಿ ಇಳಿದಾಗ ಹತ್ತು ಮೂವತ್ತೆಂಟು. ಆಟೋ ಹಿಡಿದರೆ ಶಿರಾ ಗೇಟು ಹತ್ತು ನಿಮಿಷ. ಎದುರಿಗೆ, ಕುಣಿಗಲ್ ಎಂಬ ಬೋರ್ಡಿನ ಬಸ್ಸೊಂದು ಹೊರಡಲು ಗುರುಗುಟ್ಟುತ್ತಿತ್ತು. ಹೋಗಿ ಬರಲು ಮೂರು ಗಂಟೆ, ಮಾತಿಗೆ ಅರ್ಧ ಗಂಟೆ, ಎರಡೂಕಾಲಕ್ಕೆ ವಾಪಸ್ಸು. ಐದಕ್ಕೆ ಇನ್ನೂ ಎರಡೂ ಮುಕ್ಕಾಲು ಗಂಟೆ ಮಿಗುತ್ತದೆ. ಲೆಕ್ಕ ಸರಿಯಾಗಿತ್ತು. ಹತ್ತಿದ. ಹೊಂಬಾಳಮ್ಮನ ಒಪ್ಪಿಗೆ ಕೇಳಲು ಹೋಗುತ್ತಿದ್ದೇನೆಂದು ಮನಸ್ಸು ಒಂದು ವಾಕ್ಯ ಕಟ್ಟಿಕೊಟ್ಟಿತು; ಬಸ್ಸು ಮರಳೂರಿನ ಬಳಿ ಬಂದಾಗ ಆ ವಾಕ್ಯ ಸುಳ್ಳೆಂದು ಒಪ್ಪಿಕೊಂಡ. ಮರಳೂರಿನಲ್ಲಿ ಅವನ ಮನೆ. ಮುಖ್ಯರಸ್ತೆಯ ಅಂಗಡಿಯ ಮುಂದೆ ಅವನ ತಾಯಿ ಸೊಪ್ಪಿನ ಕಟ್ಟು ಹಿಡಿದು ಅಂಗಡಿಯವನ ಜೊತೆ ಚೌಕಾಸಿ ಮಾಡುತ್ತಿದ್ದಳು. ದಯಾನಂದ ಚಪ್ಪಲಿ ಸರಿಪಡಿಸಿಕೊಳ್ಳುವವನಂತೆ ಬಗ್ಗಿದ. ಕೆಲಸದ ದಿನ ಕೆಲಸದ ಊರಿನಲ್ಲಿಲ್ಲದ ಮಗನನ್ನು ಕಂಡರೆ ಅವಳು ಕೇಳುವುದು ಒಂದೇ ಪ್ರಶ್ನೆ, ಅದಕ್ಕೆ ಅವನಲ್ಲಿ ಸುಳ್ಳಲ್ಲದ ಉತ್ತರ ಒಂದೇ ಇತ್ತು: ಒಂದು ವಿಷಯ ತಿಳಿದುಕೊಳ್ಳಬೇಕಾಗಿದೆ ಅಮ್ಮ. ಬಗ್ಗಿದವನಿಗೆ ಸೀಟಿನ ಕೆಳಗೆ ಯಾರದೋ ಬಾಳೆಹಣ್ಣಿನ ಸಿಪ್ಪೆ ಕಂಡಿತು. ಬಸ್ಸು ಬಡಾವಣೆ ದಾಟಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇದ್ದ.

ಕುಣಿಗಲಿನಲ್ಲಿ ಕೆರೆ ಏರಿಯ ಹಿಂದಿನ ಬೀದಿಯಲ್ಲಿ ಹೊಂಬಾಳಮ್ಮನ ಮಗಳು ಶಶಿರೇಖಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೂಲಗಿತ್ತಿಯ ಮಗಳ ಮನೆ ಎಂದರೆ ಸಾಕಾಯಿತು. ನಡುಮನೆಯಲ್ಲಿ ಹೊಂಬಾಳಮ್ಮ ಕಾಲು ನೀಡಿಕೊಂಡು, ಮೀಸಿದ ಮಗುವನ್ನು ಕಾಲ ಮೇಲೆ ಮಲಗಿಸಿ, ಸಾಂಬ್ರಾಣಿಯ ಹೊಗೆಯನ್ನು ಮೊರದ ಅಂಚಿನಿಂದ ಅದರ ನೆತ್ತಿಯ ಕಡೆ ತಳ್ಳುತ್ತಿದ್ದಳು. ಬಾಗಿಲಲ್ಲಿ ನಿಂತವನನ್ನು ಹೊಗೆಯ ಆಚೆಯಿಂದ ನೋಡಿ, "ಯಾರು, ದಯಾನಂದಪ್ಪನಾ? ಬಾ, ಕೂತ್ಕೋ. ಮಗ ತೂಕಡಿಸ್ತೈತೆ, ಜೋರಾಗ್ ಮಾತಾಡ್ಬ್ಯಾಡ" ಎಂದಳು. ಒಳಗಿನಿಂದ ಶಶಿರೇಖಾ, "ಯಾರವ್ವ ಅದು?" ಎಂದಳು. "ನಮ್ ಕಂಪ್ಯೂಟ್ರು ಕಣೇ." ಅವನು ಚಾಪೆಯ ತುದಿಯಲ್ಲಿ ಕುಳಿತ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಪೀಠಿಕೆ ಹೊಗೆಯಲ್ಲಿ ಎಲ್ಲಿಯೋ ಹೋಯಿತು.

"ಫೈಲು ತೆಗೆದೆ ಅಮ್ಮ" ಎಂದ.

"ಯಾರ್ಯಾರಿದ್ರು?"

"ನಾನೊಬ್ಬನೇ."

ಮೊರ ಆಡುತ್ತಲೇ ಇತ್ತು. "ನಂದೂ ಒತ್ತಿದ್ಯಾ?"

"ಒತ್ತಿದೆ."

"ತೆರೀತಾ?"

"ತೆರೀತು."

"ತೆರೀದೆ ಏನು, ಗಾಜಲ್ಲಿ ಅಷ್ಟ್ ದಿನ ನೋಡಿದ್ದೀಯ" ಎಂದಳು ಹೊಂಬಾಳಮ್ಮ.

ಅವನ ಕೈ ತಾನಾಗಿ ಚೀಲದ ಮೇಲೆ ಹೋಯಿತು, ಒಳಗಿನ ಕೋಷ್ಟಕ ಹೊರಗಿನಿಂದ ಕಾಣುತ್ತಿದೆಯೇನೋ ಎಂಬಂತೆ. "ನಿಮಗೆ ಹೇಗೆ..."

"ಅಲ್ಲ ಕಣಪ್ಪ, ಆ ಗಾಜಲ್ಲಿ ನಿಂಗೆ ನನ್ ಬೆರಳು ಕಂಡ್ರೆ, ನಂಗೆ ನಿನ್ ಕಣ್ಣು ಕಾಣಾಕಿಲ್ವಾ?"

ಬೆಳಕು ಬಂದ ದಾರಿಯಲ್ಲೇ ಹಿಂದಿರುಗಬಲ್ಲದು. ಪಿ.ಯು.ಸಿ.ಯ ಮೊದಲ ವರ್ಷದ ಪಾಠ. ಕಿರಣದ ಚಿತ್ರ ಬರೆದು ಬಾಣದ ಗುರುತನ್ನು ತಿರುಗಿಸಿದರೆ ಮುಗಿಯಿತು, ಐದು ಅಂಕ. ಎಡಬಲದ ವ್ಯತ್ಯಾಸವನ್ನು ತಿದ್ದಿಕೊಂಡಿದ್ದ, ಕೋನವನ್ನು ಅಳೆದಿದ್ದ, ಎಂಟು ವಾರ ಕಾದಿದ್ದ. ಅಧ್ಯಕ್ಷರ ಕಪ್ಪು ಕೋಟಿನ ಮೇಲೆ ತನ್ನ ಎರಡು ಕಣ್ಣುಗಳೂ ಮೂವರು ಹೆಂಗಸರ ಕಡೆ ತಿರುಗಿ ತೇಲುತ್ತಿದ್ದವೆಂಬುದು ಮಾತ್ರ ಹೊಳೆದಿರಲಿಲ್ಲ. ಅವರು ಅವನ ಬೆನ್ನ ಹಿಂದೆ ಕುಳಿತು ಅವನ ಮುಖವನ್ನು ನೋಡುತ್ತಿದ್ದರು. ಆ ಮುಖ ಆಗ ಹೇಗಿತ್ತೋ. ಹಲ್ಲಿಯ ಮುಖ, ಹುಳು ಕಂಡಾಗ?

"ಗೊತ್ತಿದ್ದ ಮೇಲೆ ಬದಲಾಯಿಸಬಹುದಿತ್ತಲ್ಲ" ಎಂದ, ತಪ್ಪು ಅವರದೇ ಎಂಬಂಥ ದನಿಯಲ್ಲಿ; ದನಿ ಹಾಗೆ ಬಂದದ್ದು ಅವನಿಗೇ ಕೇಳಿಸಿತು.

"ಸಿದ್ದಲಕ್ಷ್ಮಮ್ಮ ಬದ್ಲಾಯ್ಸಾಣ ಅಂದ್ಳು. ಗಂಗಾಂಬಿಕೆ, ಇರ್ಲಿ ಬುಡಮ್ಮಿ, ಓದಿರೋ ಹುಡ್ಗ, ನೋಡಿ ಸುಮ್ಕಿರ್ತಾನೋ ತೆಗೀತಾನೋ ನೋಡಾಣ ಅಂದ್ಳು. ನಂಗೂ ನೋಡ್ಬೇಕು ಅನ್ನಿಸ್ತು. ಅವತ್ತು ನೀನು ಗೋಡೆ ಮ್ಯಾಲೆ ಸೂರ್ಯನ್ನ ತೋರ್ಸಿದ್ಯಲ್ಲ, ಆ ಚುಕ್ಕಿ ಯಾವಾಗ್ ಆಚೀಗ್ ಹೋಯ್ತದೆ ಅಂತ ಕಾದಿದ್ವಲ್ಲ, ಹಂಗೆ." ಮಗು ಮುಖ ಸಿಂಡರಿಸಿತು, ಅವಳು ಎರಡು ಬೆರಳಿನಿಂದ ಅದರ ಹಣೆಯನ್ನು ನೀವಿದಳು. "ನೀನು ಎರಡ್ ತಿಂಗ್ಳು ಸುಮ್ಕಿದ್ದೆ. ಅಷ್ಟ್ ದಿನ ಇರ್ತೀಯ ಅಂತ ನಾ ಅಂದ್ಕಂಡಿರ್ನಿಲ್ಲ. ಈಗ ತಪ್ಪಾಯ್ತು ಅನ್ನಾಕ್ ಬಂದ್ಯಾ?"

ಹೌದೆಂದಿದ್ದರೆ ಎಲ್ಲ ಸುಲಭವಾಗುತ್ತಿತ್ತು. "ಇಲ್ಲ. ನೂರ ಹದಿನೇಳನೇ ಮನೆ ಬಿಟ್ಟಿದ್ದೀರಿ. ಯಾಕೆ ಅಂತ ಕೇಳೋಕೆ ಬಂದೆ" ಎಂದ ದಯಾನಂದ.

ಹೊಂಬಾಳಮ್ಮ ಮೊರ ಕೆಳಗಿಟ್ಟು ಅವನನ್ನು ದಿಟ್ಟಿಸಿ ನೋಡಿ, ಸದ್ದು ಬಾರದಂತೆ ನಕ್ಕಳು. ನಗು ಅವಳ ಕಾಲಿಗೂ ಇಳಿದು ಮಗು ಸ್ವಲ್ಪ ಕುಲುಕಿತು. "ಅಷ್ಟ್ ದೂರದಿಂದ ಇದುಕ್ಕಾ? ಆಗ್ಲಿ, ಸುಳ್ಳೇಳ್ನಿಲ್ವಲ್ಲ." ಆಮೇಲೆ, ಎಲೆಅಡಿಕೆಯ ಚೀಲವನ್ನು ಹತ್ತಿರಕ್ಕೆಳೆದುಕೊಂಡು, ಅದರ ಕಡೆ ನೋಡುತ್ತಲೇ ಹೇಳಿದಳು: "ನಂಗೆ ಅಕ್ಸರ ಬರಾಕಿಲ್ಲ. ಆ ಹಲಗೆ ಮೊದಲ್ನೇ ದಿನ ನೋಡ್ದಾಗ ನಮ್ಮೂರೇ ಕಂಡಂಗಾಯ್ತು. ಮೂರ್ ಸಾಲು, ಮೂರ್ ಬೀದಿ. ಒಂದೊಂದ್ ಕೀಲಿ ಒಂದೊಂದ್ ಮನೆ. ಎಲ್ಲ ಮನೆಗೂ ಹೆರಿಗೆಗೆ ಹೋಗಿದೀನಿ, ದಾರಿ ತಪ್ಪಾಕಿಲ್ಲ. ಐದ್ ಮನೆ ಬಾಗ್ಲು ತಟ್ತೀನಿ. ಮೂರಾದ್ ಮ್ಯಾಲೆ ಒಂದ್ ಮನೆ ಐತೆ. ಅದುನ್ನ ಮುಟ್ಟಿ ಬರ್ತೀನಿ, ತಟ್ಟಾಕಿಲ್ಲ. ಆ ಮನೇವ್ರು ನಂಗೆ ಎಲ್ಲಾನೂ ಹೇಳವ್ರೆ. ಹೇಳಿ, ಬರೀಬ್ಯಾಡ ಅಂದವ್ರೆ. ಬರೀನಿಲ್ಲ ಅಂತ ಮರ್ತ್‌ಬುಡಾಕ್ ಆಯ್ತದಾ? ಅದುಕ್ಕೆ ವಾರ ವಾರ ಹೋಗಿ ಮುಟ್ಟಿ ಬರಾದು."

ಷರಾದ ಕಾಲಮ್ಮು ಹೀಗೆ ತುಂಬಿತು. ಬಹಳ ದಿನದ ಪ್ರಶ್ನೆಗೆ ಉತ್ತರ ಸಿಕ್ಕಾಗ ಆಗಬೇಕಾದ ಸಂತೋಷ ಅವನಿಗೆ ಆಯಿತು ಕೂಡ, ಒಂದು ಕ್ಷಣ, ಕಪಟವಿಲ್ಲದೆ. ಆ ಒತ್ತದ ಕೀಲಿಯಿಲ್ಲದೆಯೇ ಫೈಲು ತೆರೆದಿತ್ತಲ್ಲ. ಯಂತ್ರಕ್ಕೆ ಅದು ಬೇಕಾಗಿರಲಿಲ್ಲ. ಆಮೇಲೆ ಬೆಳಿಗ್ಗೆ ತಾನು ಬರೆದ ಎಂಟು ಪದಗಳು ಒಂದೊಂದಾಗಿ ನೆನಪಿಗೆ ಬಂದವು, ಶುದ್ಧ ಭಾಷೆಯಲ್ಲಿ, ಪೂರ್ಣವಿರಾಮದ ಸಮೇತ.

"ಅಲ್ಲಿ ನಾನು ಬರೆದುಬಿಟ್ಟೆ ಅಮ್ಮ."

"ಎಲ್ಲಿ?"

"ನೂರ ಹದಿನೇಳಕ್ಕೆ." ಏನು ಬರೆದೆನೆಂದು ಮೆಲ್ಲಗೆ ಹೇಳಿದ.

ಮಗುವಿನ ಮೇಲಿದ್ದ ಅವಳ ಕೈ ನಿಂತಿತು. "ಯಾರೇಳಿದ್ರು?"

"ಟೀ ಅಂಗಡೀಲಿ."

"ಟೀ ಅಂಗ್ಡೀಲಿ" ಎಂದಳು ಹೊಂಬಾಳಮ್ಮ, ಅದು ತನಗೆ ಗೊತ್ತಿಲ್ಲದ ಯಾವುದೋ ಊರಿನ ಹೆಸರೆಂಬಂತೆ. ಒಳಗೆ ಶಶಿರೇಖಾ ಪಾತ್ರೆ ಸರಿಸಿದ ಸದ್ದಾಯಿತು. ಆಗ, ಕೇಳಬಾರದೆಂದು ತಿಳಿದಿದ್ದೂ, ನಾಲಿಗೆ ತನ್ನದಲ್ಲವೆಂಬಂತೆ, ದಯಾನಂದ ಕೇಳಿದ: "ಅದು ನಿಜವೋ ಸುಳ್ಳೋ?"

ಅವಳು ಅಂಗೈ ಚಾಚಿದಳು. ಅವನು ಚೀಲ ತೆರೆದು ನೋಟ್‌ಬುಕ್ಕಿನ ನಡುವಿನಿಂದ ಫ್ಲಾಪಿ ತೆಗೆದು ಆ ಅಂಗೈಯ ಮೇಲಿಟ್ಟ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಗಡಿನ ಮುಚ್ಚಳವನ್ನು ಉಗುರಿನಿಂದ ಸರಿಸಿ, ಒಳಗಿನ ಕಂದು ಹಾಳೆಯನ್ನು ಇಣುಕಿ, "ಇಷ್ಟ್ರಲ್ಲಿ ಇನ್ನೂರ್ ಮನೇನಾ?" ಎಂದು ನಿಜವಾದ ಬೆರಗಿನಿಂದ ಕೇಳಿದಳು. "ಇನ್ನೂ ಎರಡು ಸಾವಿರ ಮನೆ ಹಿಡಿಯುತ್ತೆ" ಎಂದ ಅವನು. "ಅಯ್ಯೋ ಶಿವನೆ" ಎಂದು ಎಲೆಅಡಿಕೆಯ ಚೀಲದೊಳಗೆ, ಸುಣ್ಣದ ಡಬ್ಬಿಯ ಪಕ್ಕಕ್ಕೆ ಅದನ್ನು ತುರುಕಿ ದಾರ ಎಳೆದಳು. ಸುಣ್ಣ ತಗುಲಿದರೆ ಹಾಳಾಗುತ್ತದೆಂದು ಹೇಳಲು ಬಾಯಿ ತೆರೆದು, ಹೇಳದೆ ಸುಮ್ಮನಾದ. "ಉಂಡ್ಕಂಡ್ ಹೋಗು. ಶುಕ್ರವಾರ ಬರ್ತೀನಿ ಅಂತ ಗಂಗಾಂಬಿಕೆಗೆ ಹೇಳು. ನೀನ್ ತೆಗ್ದೆ ಅನ್ನಾದ್ನ ನೀನೇ ಹೇಳು, ನಾ ಹೇಳಾಕಿಲ್ಲ."

ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನಿಂದ ಅಂಜನ್‌ಕುಮಾರನಿಗೆ ಫೋನು ಮಾಡಿದಾಗ ಒಂದೂವರೆ. "ಫೈಲು ಕೊಡೋಕಾಗಲ್ಲ ಸರ್. ಸಂಘದವರು ಒಪ್ಪಿಲ್ಲ." "ಒಪ್ಪಿಲ್ಲ ಅಂದ್ರೇನ್ರೀ? ನೀವು ಯಾರ್ ಸ್ಟಾಫು, ನಮ್ದೋ ಅವರ್ದೋ?" ಅದಕ್ಕೆ ನಿಖರವಾದ ಉತ್ತರವೊಂದಿದೆಯೇ ಎಂದು ಅವನು ಯೋಚಿಸುತ್ತಿದ್ದಾಗ ಆ ಕಡೆ ದನಿ ತಣ್ಣಗಾಯಿತು: "ಸರಿ. ಶನಿವಾರ ಜೀಪ್ ಕಳಿಸ್ತೀನಿ. ಸಿಸ್ಟಮ್, ಪ್ರಿಂಟರ್, ಎಲ್ಲ ಪ್ಯಾಕ್ ಮಾಡಿಟ್ಟಿರಿ. ಫೋನೂ ಕಟ್ ಮಾಡಿಸ್ತೀವಿ. ನಿಮ್ದು ಆಮೇಲೆ ನೋಡೋಣ." ಬೂತಿನ ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಅದರ ಹಿಂದೆ, ರಸ್ತೆಯಾಚೆ, ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಅವನನ್ನೇ ನೋಡುತ್ತಿದ್ದಳು.

ಶುಕ್ರವಾರ ಮೂವರೂ ಬಂದರು. ಅದಕ್ಕೆ ಮುಂಚಿನ ದಿನವೇ ಅವನು ಗಂಗಾಂಬಿಕೆಯ ಹೊಲಿಗೆ ಯಂತ್ರದ ಮುಂದೆ ನಿಂತು, ಏನನ್ನೂ ಬಿಡದೆ, ಕ್ರಮವಾಗಿ ಎಲ್ಲವನ್ನೂ ಹೇಳಿದ್ದ. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಿದ್ದಳು. ಮೂರು ಸಲ ದಾರ ತಪ್ಪಿತು. ಈಗ ಒಳಗೆ ಬಂದವಳೇ, "ಏನ್ ಸೈಂಟಿಸ್ಟೇ, ಕುಣಿಗಲ್ ಕೆರೆ ತುಂಬಿತ್ತಾ?" ಎಂದಳು. ಸಿದ್ದಲಕ್ಷ್ಮಮ್ಮ ಮಾತ್ರ ಅವನ ಕಡೆ ತಿರುಗಲಿಲ್ಲ, ಗೋಡೆಯ ಕಡೆ ನೋಡಿ, "ಪ್ರೆಸಿಡೆಂಟ್ರು ಎಲ್ಲೋದ್ರು?" ಎಂದಳು. ಅವನು ಬೆಳಿಗ್ಗೆಯೇ ಫೋಟೋ ಇಳಿಸಿ ಮೂಲೆಗೆ ಒರಗಿಸಿದ್ದ. ಗೋಡೆಯ ಮೇಲೆ ಮಸುಕಾಗದೆ ಉಳಿದ ಒಂದು ಚೌಕವಿತ್ತು. "ತಗಲಾಕು" ಎಂದಳು ಸಿದ್ದಲಕ್ಷ್ಮಮ್ಮ. "ಗಾಜು 'ನೋಡು' ಅಂತ ಕರೀತಾ ನಿನ್ನ?" ಅವನು ಕುರ್ಚಿ ಹತ್ತಿ ಫೋಟೋವನ್ನು ಮೊದಲಿನ ಮೊಳೆಗೇ ತಗುಲಿಸಿ, ಇಳಿದು, ಅದರ ಎದುರಿಗೆ ಕುಳಿತು ಕಣ್ಣು ಮುಚ್ಚಿಕೊಂಡ. ಗಂಗಾಂಬಿಕೆಯ ಒತ್ತುಗಳು ಹೊಲಿಗೆಯಂತೆ ಒಂದೇ ಸಮ. ಸಿದ್ದಲಕ್ಷ್ಮಮ್ಮನವು ಕೋಪದವು. ಆಮೇಲೆ ಬಳೆಯ ಸದ್ದು. ಒಂದು, ಎರಡು, ಮೂರು. ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಬೆರಳೊಂದು ಎರಡನೆಯ ಬೀದಿಯಲ್ಲಿ ನಡೆದು ಹೋಗುತ್ತಿರುವುದು ಮುಚ್ಚಿದ ಕಣ್ಣಿಗೆ ಕಂಡಿತು. ಹೋಗಿ, ನಿಂತು, ಬಂತು. ನಾಲ್ಕು, ಐದು.

"ಈಗ ತಿರುಗು" ಎಂದಳು ಗಂಗಾಂಬಿಕೆ. "ನೀ ಬರ್ದದ್ದು ನೀನೇ ಅಳ್ಸು." ಅವನು ಅಳಿಸಿದ. ಸಾಲನ್ನೂ ತೆಗೆಯಲು ಹೋದಾಗ ಅವಳು ಕೈ ಅಡ್ಡ ಹಿಡಿದಳು. "ನಂಬರ್ ಇರ್ಲಿ. ಮುಂದೆ ಖಾಲಿ ಇರ್ಲಿ." ಇನ್ನೂರ ಹದಿನಾಲ್ಕು ಸಾಲು, ಒಂದರಲ್ಲಿ ಏನೂ ಇಲ್ಲ. ನಾಳೆ ಯಂತ್ರ ಹೋಗುತ್ತದೆ. ಯಂತ್ರದೊಳಗಿನ ಮಾತು ಹೋಗಬಾರದು. ಅವರು ಯೋಚಿಸಿಕೊಂಡೇ ಬಂದಿದ್ದರು. ಇಡೀ ಪಟ್ಟಿಯನ್ನು ಮುದ್ರಿಸಿ, ಒಂದೊಂದು ಮನೆಯ ಸಾಲನ್ನೂ ಬೇರೆ ಬೇರೆ ಕತ್ತರಿಸಿ, ಆ ಆ ಮನೆಯವರ ಕೈಗೇ ಕೊಡುವುದು, ಫೈಲನ್ನು ಅಳಿಸುವುದು. ದಯಾನಂದ ತಡೆದು ಹೇಳಿದ: ಅಳಿಸಿದರೆ ಹೋಗುವುದು ಫೈಲಿನ ಹೆಸರು ಮಾತ್ರ, ಬರಹ ಯಂತ್ರದೊಳಗಿನ ಡಿಸ್ಕಿನ ತಟ್ಟೆಯ ಮೇಲೆ ಹಾಗೆಯೇ ಉಳಿದಿರುತ್ತದೆ, ತಿಳಿದವರು ಮತ್ತೆ ತೆಗೆಯಬಹುದು, ಅದರ ಮೇಲೆ ಬೇರೇನಾದರೂ ಬರೆದು ಮುಚ್ಚಬೇಕು. ಸಿದ್ದಲಕ್ಷ್ಮಮ್ಮ ಅವತ್ತು ಮೊದಲ ಸಲ ಅವನ ಮುಖ ನೋಡಿದಳು. "ಏನ್ ಬರೀತೀಯ?" "ಬಸ್ಸಿನ ಟೈಮು, ಕಾಯಿ ರೇಟು. ಅದನ್ನೇ ಜಾಗ ತುಂಬೋವರೆಗೂ ನಕಲು ಮಾಡ್ತಾ ಹೋಗೋದು." "ಬರಿ. ಬಸ್ ಟೈಮು ಎಷ್ಟಿದ್ರೂ ಒಳ್ಳೇದೇ" ಎಂದಳು ಗಂಗಾಂಬಿಕೆ. "ಮೈಕು ಸೊಸೈಟಿದು. ಅದುನ್ನ ಯಾವ ಜೀಪ್ನೋನೂ ಒಯ್ಯಂಗಿಲ್ಲ. ಗುಬ್ಬಿಯಿಂದ ಚೀಟೀಲಿ ಬರ್ಕಂಡ್ ಬಾ, ನಾ ಓದ್ತೀನಿ." ತಾನು ಇನ್ನೂ ಬರಬೇಕೆಂದು ಅವಳು ಹೇಳಿದ್ದೆಂದು ಅವನಿಗೆ ಅರ್ಥವಾದದ್ದು ಸ್ವಲ್ಪ ತಡವಾಗಿ.

ಪ್ರಿಂಟರು ಮೂಗಿನಲ್ಲಿ ಅಳುವಂತೆ ಒಂದು ಗಂಟೆ ಕೂಗಿತು. ಗಂಗಾಂಬಿಕೆ ಬಟ್ಟೆಯ ಕತ್ತರಿಯಿಂದ ಸಾಲು ಸಾಲಾಗಿ ಕತ್ತರಿಸಿ, ಓದದಂತೆ ಮಡಿಚಿ, ಹಿಂಬದಿಗೆ ಸೀಮೆಸುಣ್ಣದಲ್ಲಿ ಅಂಕಿ ಬರೆದಳು. ಮೂವರೂ ಬೀದಿ ಹಂಚಿಕೊಂಡರು. ಹೊರಡುವ ಮುಂಚೆ ಹೊಂಬಾಳಮ್ಮ ತನ್ನ ಪಾಲಿನಿಂದ ಒಂದು ಚೀಟಿ ತೆಗೆದು ದಯಾನಂದನ ಕೈಗಿಟ್ಟಳು. ಮಡಿಚಿರಲಿಲ್ಲ. ಎಡತುದಿಯಲ್ಲಿ ನೂರ ಹದಿನೇಳು ಎಂಬ ಅಂಕಿ, ಅದರಿಂದಾಚೆ ಬಿಳಿ. "ಇದ್ನ ಕೊಡ್ಬೇಕಾ ಅಮ್ಮ?" "ಬ್ಯಾಡ. ಇಟ್ಕೊಂಡಿರು. ಹೋಗಿ ಮುಟ್ಟಿ ಬಾ. ತಟ್ಟಬ್ಯಾಡ."

ಎರಡನೆಯ ಬೀದಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಯಾರೂ ಇರಲಿಲ್ಲ. ಕದರಯ್ಯನ ಮನೆಯ ಜಗುಲಿಯ ಮೇಲೆ ರಾಗಿ ಹರವಿತ್ತು, ಅದರ ಅಂಚಿನಲ್ಲಿ ಗುಬ್ಬಚ್ಚಿಯೊಂದು ಇವನನ್ನು ಲೆಕ್ಕಿಸದೆ ಹೆಕ್ಕುತ್ತಿತ್ತು. ಬಾಗಿಲು ಮುಚ್ಚಿತ್ತು. ನೀಲಿ ಬಣ್ಣ, ಬಲಗಡೆಯ ಹಲಗೆಯಲ್ಲಿ ಗಂಟಿನಷ್ಟು ದೊಡ್ಡ ತೂತು. ಕಣ್ಣಿಟ್ಟರೆ ಒಳಗೆ ಕಾಣುವಷ್ಟು. ಸೂರ್ಯನ ಬಿಂಬ ಬೀಳಿಸಲು ಸಾಕಾಗುವಷ್ಟು, ಎಂದು ಅಭ್ಯಾಸದಿಂದ ಲೆಕ್ಕ ಹಾಕಿದ. ಒಳಗೆ ಯಾರೋ ನೀರು ಕುಡಿದು ಲೋಟ ಕೆಳಗಿಟ್ಟರು. ಬಳೆಯಿದ್ದ ಕೈಯೋ ಇಲ್ಲದ ಕೈಯೋ, ಚಿಕ್ಕವರೋ ಮುದುಕರೋ, ಒಂದು ಸದ್ದಿನಿಂದ ಹೇಳಲಾಗುವುದಿಲ್ಲ. ಇನ್ನೊಂದು ಸದ್ದು ಬಂದರೆ ಹೇಳಬಹುದಿತ್ತು. ಅವನ ಮೈಯೆಲ್ಲ ಆ ಇನ್ನೊಂದು ಸದ್ದಿಗಾಗಿ ಕಿವಿಯಾಗಿ ನಿಂತಿತು. ಕೈ ಎತ್ತಿ, ನಾಲ್ಕು ಬೆರಳುಗಳನ್ನು ನೀಲಿ ಮರದ ಮೇಲೆ, ಕೀಬೋರ್ಡಿನ ಕೀಲಿಯಾಗಿದ್ದರೆ ಇಳಿಯದಷ್ಟು ಹಗುರವಾಗಿ ಇಟ್ಟ. ಮರ ಬಿಸಿಯಾಗಿತ್ತು. ಎಷ್ಟು ಡಿಗ್ರಿ ಇರಬಹುದೆಂದು ಯೋಚಿಸುವ ಮೊದಲೇ ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡು, ಜಗುಲಿಯ ರಾಗಿ ತುಳಿಯದಂತೆ ನೋಡಿಕೊಂಡು ಇಳಿದು, ಬೀದಿಯಲ್ಲಿ ಮುಂದೆ ನಡೆದ.